ಪುಟ್ಟ ಹೋಗದ ಮೂಲೆ

ಯಂತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದ ಕ್ಷಣವೇ ನನಗೆ ಅನ್ನಿಸಿತ್ತು, ಇದು ನನ್ನ ಒಳ್ಳೆಯದಕ್ಕೆ ಬಂದದ್ದಲ್ಲ ಎಂದು. ಆದರೆ ಈ ಮನೆಯಲ್ಲಿ ನನಗೆ ಅನ್ನಿಸಿದ್ದನ್ನು ಕೇಳುವವರು ಯಾರು ಹೇಳಿ?

ಹಾಗೆಂದು ನಾನು ಕಂಡದ್ದನ್ನೆಲ್ಲ ಸಂಶಯಿಸುವ ಪೈಕಿಯವನಲ್ಲ. ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಕೂತು ಕೂದಲು ಬಿಳಿ ಮಾಡಿಕೊಂಡವನು ನಾನು. "ಸುಳ್ಯ, ಗುತ್ತಿಗಾರು, ಸುಬ್ರಹ್ಮಣ್ಯ ಕಡೆಗೆ ಹೋಗುವ ಬಸ್ಸು..." ಎಂದು ಮೈಕಿನಲ್ಲಿ ಹೇಳಿದರೆ ಮಲಗಿದ್ದ ನಾಯಿಯೂ ಎದ್ದು ದಾರಿ ಬಿಡುತ್ತಿತ್ತು. ಬಸ್ಸು ತಡವಾದದ್ದಕ್ಕೆ ಡ್ರೈವರು ಹೇಳುವ ಕಾರಣ, ಚಿಲ್ಲರೆ ಇಲ್ಲ ಎನ್ನುವ ಕಂಡಕ್ಟರು, ಮೀಸೆ ಮೂಡಿದ ಮಗನಿಗೆ ಅರ್ಧ ಟಿಕೆಟ್ ಕೇಳುವ ಅಮ್ಮಂದಿರು, ಇವರನ್ನೆಲ್ಲ ನೋಡಿ ನೋಡಿ ನನ್ನ ಕಣ್ಣು ತಾನಾಗಿ ಸ್ವಲ್ಪ ಕಿರಿದಾಗಿದೆ, ಅಷ್ಟೆ. ನನ್ನ ಹೆಂಡತಿ ವಾರಿಜ ಇದಕ್ಕೆ ಸಂಶಯದ ರೋಗ ಎಂದು ಹೆಸರಿಟ್ಟಿದ್ದಾಳೆ. (ಹೆಸರಿಡುವುದರಲ್ಲಿ ಅವಳು ಜಾಣೆ. ನನಗೆ ಇಟ್ಟ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ನಿಜವಾದ ಹೆಸರು ದೇವದಾಸ.)

ನಿವೃತ್ತಿಯಾಗಿ ಮನೆಗೆ ಬಂದ ಮೇಲೆ ಖಾತೆ ಹಂಚಿಕೆ ನಡೆಯಿತು. ಅಡುಗೆ, ಹಣಕಾಸು, ನೆಂಟರಿಷ್ಟರು, ಟಿ.ವಿ.ಯ ರಿಮೋಟು, ಇವೆಲ್ಲ ವಾರಿಜಳಲ್ಲೇ ಉಳಿದವು. ನನಗೆ ಸಿಕ್ಕಿದ್ದು ನೆಲ. "ಸುಮ್ನೆ ಕೂತ್ರೆ ಮೈಗೆ ಒಳ್ಳೇದಲ್ಲ. ಗುಡಿಸಿ ಒರೆಸುದು ಇನ್ನು ನಿಮ್ದು" ಎಂದು ಕೈಗೆ ಹಿಡಿಸೂಡಿ ಕೊಟ್ಟಳು. ಮೈಕು ಹಿಡಿದ ಕೈ ಹಿಡಿಸೂಡಿ ಹಿಡಿಯಿತು.

ಮೊದಮೊದಲು ಅವಮಾನವೇ ಆಯಿತು. ಆದರೆ ವಾರ ಕಳೆಯುವುದರೊಳಗೆ ನನಗೊಂದು ಮಹಾಸತ್ಯದ ದರ್ಶನವಾಯಿತು. ಒರೆಸಿದ ನೆಲ ಒಣಗುವವರೆಗೆ ಅದರ ಮೇಲೆ ಯಾರೂ ಕಾಲಿಡುವ ಹಾಗಿಲ್ಲ! ಇದು ವಾರಿಜಳೇ ಮಾಡಿದ ಕಾನೂನು. ಮದುವೆಯಾದಂದಿನಿಂದ ಈ ಕಾನೂನಿಗೆ ಹೆದರಿ ನಾನು ಅಂಗಳದಲ್ಲಿ ಒಂಟಿ ಕಾಲಲ್ಲಿ ನಿಂತಿದ್ದೇನೆ. ಈಗ ಅದೇ ಕಾನೂನು ನನ್ನ ಕೈಗೆ ಬಂತು. ಬಾಗಿಲಿನ ಕಡೆಯಿಂದ ಒರೆಸುತ್ತ ಒರೆಸುತ್ತ ಹಿಂದೆ ಸರಿದು, ಚಾವಡಿಯ ಮೂಲೆಯಲ್ಲಿ ಕಿಟಕಿಯ ಹತ್ತಿರ ಇರುವ ನನ್ನ ಆರಾಮ ಕುರ್ಚಿಗೆ ಬಂದು ಮುಟ್ಟುವುದು. ಫ್ಯಾನು ಹಾಕದೆ ಕೂರುವುದು. (ಹಾಕಿದರೆ ನೆಲ ಬೇಗ ಒಣಗುತ್ತದೆ.) "ನೆಲ ಒದ್ದೆ ಉಂಟು! ಒಣಗುವವರೆಗೆ ಯಾರೂ ಈಚೆ ಬರ್ಬಾರ್ದು!" ಎಂದು ಹಳೆಯ ಮೈಕಿನ ದನಿಯಲ್ಲಿ ಒಮ್ಮೆ ಘೋಷಿಸಿದರೆ ಮುಗಿಯಿತು. ಸುತ್ತಲೂ ಒದ್ದೆ ನೆಲ, ಮೂಲೆಯಲ್ಲಿ ನಾನು, ಕೈಯಲ್ಲಿ ಪೇಪರು. ತೆಂಗಿನಕಾಯಿ ಸುಲಿಯಿರಿ ಎನ್ನಲು ಯಾರೂ ಹತ್ತಿರ ಬರುವ ಹಾಗಿಲ್ಲ. ನಾನು ಈ ಮನೆಯ ಯಜಮಾನ ಎಂದು ನನಗೆ ಅನ್ನಿಸುತ್ತಿದ್ದದ್ದು ದಿನದಲ್ಲಿ ಆ ಅರ್ಧ ಗಂಟೆ ಮಾತ್ರ.

ಆ ಅರ್ಧ ಗಂಟೆಗೆ ಒಂದು ಜೊತೆಯೂ ಇತ್ತು. ಇದನ್ನು ದಯಮಾಡಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಬಸ್ ಸ್ಟ್ಯಾಂಡಿನ ಹತ್ತಿರ ಝಾಕಿರ್‌ನ ಚಿಪ್ಸಿನ ಅಂಗಡಿ ಇದೆ. ಕುದಿಯುವ ತೆಂಗಿನೆಣ್ಣೆಗೆ ಅವನು ನೇಂದ್ರ ಬಾಳೆಕಾಯಿ ಕೆರೆದು ಬಿಟ್ಟನೆಂದರೆ ಆ ಪರಿಮಳಕ್ಕೆ ಬಸ್ಸುಗಳೇ ಎರಡು ನಿಮಿಷ ತಡವಾಗಿ ಹೊರಡುತ್ತಿದ್ದವು. (ಹೊರಡಿಸಬೇಕಾದ ನಾನು ಅಲ್ಲಿ ನಿಂತಿರುತ್ತಿದ್ದೆ.) ಈ ವರ್ಷ ಡಾಕ್ಟರು ನನ್ನ ರಕ್ತ ಪರೀಕ್ಷೆ ಮಾಡಿಸಿ, "ಕೊಲೆಸ್ಟ್ರಾಲ್ ತುಂಬ ಉಂಟು, ಕರಿದದ್ದು ಪೂರ್ತಿ ಬಂದ್" ಎಂದರು. ಅಂದು ಆಟೋದಲ್ಲಿ ಬರುವಾಗ ವಾರಿಜ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನಗೂ ಕರುಳು ಚುರುಕ್ ಎಂದಿತು. ಅದು ಸುಳ್ಳಲ್ಲ. ಇನ್ನು ಚಿಪ್ಸಿನ ಮುಖ ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿದೆ. ಆದರೆ ಮರುದಿನ ತರಕಾರಿಗೆಂದು ಪೇಟೆಗೆ ಹೋದರೆ ಝಾಕಿರ್, "ಸಾರ್, ಈಗಷ್ಟೆ ಬಾಣಲೆಯಿಂದ ತೆಗ್ದದ್ದು" ಎಂದ. ಅಷ್ಟು ವರ್ಷದ ಪರಿಚಯ, ಮುಖ ಮುರಿಯಲಿಕ್ಕೆ ಆಗುತ್ತದೆಯೇ? ಅಂದಿನಿಂದ ಚಿಪ್ಸು ತುಂಬಿದ ಒಂದು ಉರುಟು ಡಬ್ಬಿ ನನ್ನ ಕುರ್ಚಿಯ ಪಕ್ಕದ ಗಿಡ್ಡ ಸ್ಟೂಲಿನ ಅಡಿಯಲ್ಲಿ ಅಡ್ಡ ಮಲಗಿರುತ್ತಿತ್ತು. ಹೆಚ್ಚಾದದ್ದು ಉಗ್ರಾಣದಲ್ಲಿ ಅಕ್ಕಿಯ ಡ್ರಮ್ಮಿನ ಹಿಂದೆ, ಇನ್ನೊಂದು ಡಬ್ಬಿಯಲ್ಲಿ.

ಇಂಥ ಸುಖದ ಕಾಲದಲ್ಲಿ ನನ್ನ ತಲೆಗೆ ನಾನೇ ಕಲ್ಲು ಹಾಕಿಕೊಂಡೆ. ಮಂಗಳೂರಿನಲ್ಲಿರುವ ಮಗಳು ಯಶ್ಮಿತಾ ಫೋನು ಮಾಡಿದಾಗಲೆಲ್ಲ, "ಎಂತ ಮಾಡ್ತಿದ್ದೀರಿ ಪಪ್ಪ?" ಎಂದು ಕೇಳುತ್ತಾಳೆ. ನನ್ನ ಬೆಲೆ ಸ್ವಲ್ಪ ಏರಲಿ ಎಂದು ನಾನು, "ಎಂತ ಮಾಡುದು ಮಗಾ, ನೆಲ ಒರೆಸುದು... ಅಯ್ಯಯ್ಯೋ, ನನ್ನ ಸೊಂಟ!" ಎಂದು ನರಳುತ್ತಿದ್ದೆ. ಅವಳು "ಪಾಪ ಪಪ್ಪ" ಎಂದರೆ ಅದೊಂದು ತೃಪ್ತಿ. ಆ ನರಳಿಕೆಯ ಫಲವಾಗಿ ಒಂದು ಆದಿತ್ಯವಾರ ಮಗಳು ಮತ್ತು ಅಳಿಯ ಅಶ್ವಿತ್ ದೊಡ್ಡ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಬಂದಿಳಿದರು.

ಪೆಟ್ಟಿಗೆಯೊಳಗೆ ದೋಸೆ ಕಾವಲಿಯಷ್ಟು ಅಗಲದ, ಉರುಟಾದ, ಬಿಳಿಯ ಯಂತ್ರ. ತಲೆಯ ಮೇಲೆ ಒಂದು ಪುಟ್ಟ ಗೋಪುರ. ಗುಡಿಸುವುದೂ ಅದೇ, ಒರೆಸುವುದೂ ಅದೇ.

"ಇನ್ನು ನೀವು ಬಗ್ಗುವ ಕೆಲಸವೇ ಇಲ್ಲ ಪಪ್ಪ" ಎಂದಳು ಮಗಳು.

"ಬಗ್ಗುದು ನಂಗೆ ಕಷ್ಟವೇ ಅಲ್ಲ ಮಗಾ."

"ಹಾಗಾದ್ರೆ ಮೊನ್ನೆ ಫೋನಲ್ಲಿ ಅಯ್ಯಯ್ಯೋ ಅಂತ ಕೂಗಿದ್ದು ಯಾರು?"

ಅಶ್ವಿತ್ ಉತ್ಸಾಹದಲ್ಲಿ ವಿವರಿಸತೊಡಗಿದ. "ಮಾವ, ಇದು ಮೊದಲು ಮನೆ ಇಡೀ ಸುತ್ತಿ ನಕ್ಷೆ ಮಾಡ್ತದೆ. ಮತ್ತೆ ಎಲ್ಲಿ ಎಂತ ಉಂಟು ಅಂತ ಅದಕ್ಕೆ ಪೂರ್ತಿ ಗೊತ್ತಿರ್ತದೆ."

"ಎಲ್ಲಿ ಎಂತ ಉಂಟು ಅಂತ ಅದಕ್ಕೆ ಯಾಕೆ ಗೊತ್ತಿರ್ಬೇಕು?"

"ಕಸ ಜಾಸ್ತಿ ಇದ್ದಲ್ಲಿ ತಿರುಗಿ ತಿರುಗಿ ಹೋಗ್ಲಿಕ್ಕೆ."

ನಾನು ಮೂಲೆಯ ಸ್ಟೂಲಿನ ಕಡೆಗೆ ನೋಡಿದೆ. ಅಶ್ವಿತ್ ನನ್ನ ಮೊಬೈಲಿಗೆ ಅದರ ಆ್ಯಪ್ ಹಾಕಿಕೊಟ್ಟು, "ಅತ್ತೆಗೂ ಹಾಕ್ಲಾ?" ಎಂದು ಕೇಳಿದ. "ನಂಗೆ ಬೇಡಪ್ಪ. ನಂಗೆ ಸ್ಟೇಟಸ್ ನೋಡಿ ಮುಗಿಸ್ಲಿಕ್ಕೇ ಪುರುಸೊತ್ತಿಲ್ಲ" ಎಂದಳು ವಾರಿಜ. ನನಗೆ ಸಮಾಧಾನವಾಯಿತು. ಹೊರಡುವ ಮೊದಲು ತಾಯಿ ಮಗಳು ಅಡುಗೆಮನೆಯಲ್ಲಿ ಮೊಬೈಲು ಹಿಡಿದು ಗುಸುಗುಸು ಮಾಡಿ ನಕ್ಕರು. ನಾನು ಲಕ್ಷ್ಯ ಕೊಡಲಿಲ್ಲ. (ಕಂಟ್ರೋಲರ್ ಆಗಿದ್ದವನು ಕೊಡಬೇಕಿತ್ತು.)

ವಾರಿಜಳಿಗೆ ಯಂತ್ರದ ಮೇಲೆ ಮೊದಲ ನೋಟದಲ್ಲೇ ಮಮತೆ ಹುಟ್ಟಿತು. "ಎಷ್ಟು ಚಂದ ಮಾಡಿ ಹೋಗ್ತದೆ ನೋಡಿ, ಒಂದು ಮಾತಿಲ್ಲ ಕತೆಯಿಲ್ಲ" ಎಂದು ನನ್ನನ್ನು ಓರೆಗಣ್ಣಿನಲ್ಲಿ ನೋಡಿ, ಅದಕ್ಕೆ ಪುಟ್ಟ ಎಂದು ಹೆಸರಿಟ್ಟಳು. ಗಂಡನಿಗೆ ಮಧ್ಯಾಹ್ನದ ಗಂಜಿಗೆ ಚಟ್ನಿ ಇದೆಯೋ ಇಲ್ಲವೋ, ಪುಟ್ಟನಿಗೆ ಚಾರ್ಜ್ ಇದೆಯೋ ಎಂದು ವಿಚಾರಿಸುವುದು ಶುರುವಾಯಿತು.

ನನ್ನ ಕಷ್ಟ ಬೇರೆ. ಪುಟ್ಟ ಮನೆಯೆಲ್ಲ ಒಂದೊಂದು ಸುತ್ತು ಹೊಡೆದು ಕೊನೆಗೆ ನನ್ನ ಕುರ್ಚಿಯ ಹತ್ತಿರ ಬಂದನೆಂದರೆ ಹೋಗುವ ಹೆಸರಿಲ್ಲ. ಕುರ್ಚಿಯ ಅಡಿಗೆ ನುಗ್ಗುವುದು, ಹೊರಗೆ ಬರುವುದು, ಮತ್ತೆ ನುಗ್ಗುವುದು. ನಾನು ಕಾಲು ಎತ್ತಿದರೆ ಅಲ್ಲಿ, ಇಳಿಸಿದರೆ ಇಲ್ಲಿ. ಆ ಗೋಪುರದೊಳಗಿನ ಕಣ್ಣು ನನ್ನನ್ನೇ ನೋಡುತ್ತಿದೆ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

"ನಿಮ್ಮ ಕುರ್ಚಿಯ ಅಡಿಯೇ ಯಾಕೆ ಅಷ್ಟು ತಿರುಗುದು ಅದು?" ವಾರಿಜ ಅಡುಗೆಮನೆಯ ಬಾಗಿಲಿನಿಂದ ಕೇಳಿದಳು.

"ನನ್ನ ಮೇಲೆ ಪ್ರೀತಿ ಇರ್ಬೇಕು."

"ಅದರ ಕಸದ ಡಬ್ಬಿ ತೆಗ್ದೆ ಈಗ. ಒಳಗೆ ಹಳದಿ ಹಳದಿ ಹುಡಿ ಉಂಟಲ್ಲ, ಎಂತದದು?"

"ಅರಸಿನ ಆಗಿರ್ಬೇಕು. ನೀನು ಅಡುಗೆಮನೆಯಲ್ಲಿ ಚೆಲ್ಲಿದ್ದು."

"ಅರಸಿನಕ್ಕೆ ತೆಂಗಿನೆಣ್ಣೆಯ ಪರಿಮಳ ಬರ್ತದಾ?"

ಮರುದಿನ ಅದಕ್ಕಿಂತ ದೊಡ್ಡ ಗಂಡಾಂತರ. ಪುಟ್ಟ ಸ್ಟೂಲಿನ ಅಡಿಗೆ ತಲೆ ಹಾಕಿ ಡಬ್ಬಿಯನ್ನು ದೂಡಿದ. ಡಬ್ಬಿ ಗಡಗಡ ಉರುಳುತ್ತ ಚಾವಡಿಯ ಮಧ್ಯಕ್ಕೆ ಹೊರಟಿತು. ಒದ್ದೆ ನೆಲದಲ್ಲಿ ನಾನು ಹೇಗೆ ಹಾರಿದೆನೋ ನನಗೇ ಗೊತ್ತಿಲ್ಲ. ಡಬ್ಬಿ ಹೊಟ್ಟೆಯ ಅಡಿಯಲ್ಲಿಟ್ಟುಕೊಂಡು ನೆಲದ ಮೇಲೆ ಕವುಚಿ ಬಿದ್ದೆ. ವಾರಿಜ ಓಡಿಬಂದಳು.

"ಅಯ್ಯೋ, ಎಂತ ಆಯ್ತು ಮಾರಾಯ್ರೆ?"

"ಯೋಗ. ಭುಜಂಗಾಸನ."

ಅವಳು ತುಂಬ ಹೊತ್ತು ನೋಡಿ ಒಳಗೆ ಹೋದಳು. ಆ ನೋಟದಲ್ಲಿ ನಂಬಿಕೆಯ ಅಂಶ ಕಡಿಮೆ ಇತ್ತು.

ನಾನು ಅಂಗಳಕ್ಕೆ ಹೋಗಿ ಅಶ್ವಿತ್‌ಗೆ ಫೋನು ಹಚ್ಚಿದೆ. "ಅಳಿಯಂದಿರೇ, ಒಂದು ಸಂಶಯ. ಈ ಯಂತ್ರ ದೇವರ ಕೋಣೆಗೆಲ್ಲ ನುಗ್ತದೆ, ನಮಗೆ ಮಡಿ ಮೈಲಿಗೆ ಅಂತ ಉಂಟಲ್ಲ. ಒಂದು ಕಡೆಗೆ ಹೋಗ್ಬಾರ್ದು ಅಂತ ಅದಕ್ಕೆ ಹೇಳ್ಲಿಕ್ಕೆ ಆಗ್ತದಾ?"

"ಸುಲಭ ಮಾವ. ಆ್ಯಪಲ್ಲಿ ಮನೆಯ ನಕ್ಷೆ ಉಂಟಲ್ಲ, ಬೇಡದ ಜಾಗದ ಸುತ್ತ ಬೆರಳಲ್ಲಿ ಒಂದು ಕೆಂಪು ಚೌಕ ಎಳೀರಿ. ಮತ್ತೆ ಅದು ಸತ್ರೂ ಒಳಗೆ ಹೋಗುದಿಲ್ಲ."

ದೇವರ ಕೋಣೆಯ ಸುತ್ತ ನಾನು ಚೌಕ ಎಳೆಯಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಕುರ್ಚಿ, ಸ್ಟೂಲು, ಡಬ್ಬಿ, ಮೂರೂ ಒಳಗೆ ಬರುವ ಹಾಗೆ ಚಾವಡಿಯ ಮೂಲೆಗೆ ಒಂದು ಅಂದವಾದ ಲಕ್ಷ್ಮಣರೇಖೆ ಹಾಕಿದೆ. ಮರುದಿನ ಬೆಳಿಗ್ಗೆ ಪುಟ್ಟ ಎಂದಿನ ಹಾಗೆ ನನ್ನ ಕಡೆಗೆ ಬಂದ. ಕುರ್ಚಿಯಿಂದ ಒಂದು ಮೊಳ ದೂರದಲ್ಲಿ ಗಕ್ಕನೆ ನಿಂತ. ಅತ್ತ ನೋಡಿದ, ಇತ್ತ ನೋಡಿದ, ತಿರುಗಿ ಹೋದ. ನಾನು ಕಾಲು ಚಾಚಿ, ಒಂದು ಚಿಪ್ಸು ಬಾಯಿಗೆ ಹಾಕಿ, "ನೆಲ ಒದ್ದೆ ಉಂಟು! ಒಣಗುವವರೆಗೆ ಯಾರೂ ಈಚೆ ಬರ್ಬಾರ್ದು!" ಎಂದು ಘೋಷಿಸಿದೆ. ಈಗ ಒರೆಸುವ ಕೆಲಸವೂ ಇಲ್ಲ, ಕೂರುವ ಸುಖ ಮಾತ್ರ. ವಿಜ್ಞಾನ ಇಷ್ಟು ಮುಂದುವರಿದದ್ದು ನನಗಾಗಿಯೇ ಎಂದು ಅನ್ನಿಸಿತು.

ಸುಖ ಒಂದು ವಾರ ಬಾಳಿತು.

"ಹೋಯ್," ಎಂದಳು ವಾರಿಜ ಒಂದು ಬೆಳಿಗ್ಗೆ, ಸೌಟು ಹಿಡಿದುಕೊಂಡೇ. "ಪುಟ್ಟ ಯಾಕೆ ಈಗ ಆ ಮೂಲೆಗೆ ಹೋಗುದಿಲ್ಲ? ಮೊದಲು ಅಲ್ಲೇ ಬಿದ್ದು ಸಾಯ್ತಿತ್ತು."

"ಚಾರ್ಜ್ ಸಾಕಾಗುದಿಲ್ಲ ಕಾಣ್ತದೆ."

"ಉಗ್ರಾಣದ ಮೂಲೆಗೆ ಸಾಕಾಗ್ತದೆ, ಮಂಚದ ಅಡಿಗೆ ಸಾಕಾಗ್ತದೆ, ನಿಮ್ಮ ಹತ್ತಿರ ಬರ್ಲಿಕ್ಕೆ ಮಾತ್ರ ಸಾಕಾಗುದಿಲ್ವಾ?"

ಅವಳು ಅಕ್ಕಿ ಹುಡಿ ತಂದು ನನ್ನ ಕುರ್ಚಿಯ ಮುಂದೆ ಚೆಲ್ಲಿದಳು. ಪುಟ್ಟನನ್ನು ಎತ್ತಿಕೊಂಡು ಬಂದು ಎದುರಿಗೆ ಬಿಟ್ಟಳು. ಪುಟ್ಟ ಹುಡಿಯ ಹತ್ತಿರ ಬಂದ, ನಿಂತ, ಹಿಂದೆ ಸರಿದ. ಅವಳು ಇನ್ನೊಂದು ಬದಿಯಿಂದ ಬಿಟ್ಟಳು. ಅಲ್ಲಿಯೂ ಅಷ್ಟೆ. ವಾರಿಜಳ ಮುಖ ನಿಧಾನವಾಗಿ ಗಂಭೀರವಾಯಿತು. ನನ್ನ ಕಳ್ಳತನ ಸಿಕ್ಕಿತು ಎಂದೇ ತಿಳಿದೆ. ಆದರೆ ಅವಳು ಕೇಳಿದ್ದು ಬೇರೆ.

"ಇದು ಈಶಾನ್ಯ ಮೂಲೆ ಅಲ್ವಾ?"

"ಅದಕ್ಕೇನು ಈಗ?"

"ಎಂತದೂ ಇಲ್ಲ" ಎಂದು ಒಳಗೆ ಹೋಗಿ ಫೋನು ಎತ್ತಿದಳು. "ಎಂತದೂ ಇಲ್ಲ" ಎಂದು ವಾರಿಜ ಹೇಳಿದರೆ ದೊಡ್ಡದೇನೋ ಇದೆ ಎಂದೇ ಲೆಕ್ಕ. ಮಧ್ಯಾಹ್ನದೊಳಗೆ ಗುತ್ತಿಗಾರಿನಿಂದ ಅವಳ ಅಣ್ಣ ಸರ್ವೋತ್ತಮ ಭಾವ ಬಸ್ಸಿನಲ್ಲಿ ಬಂದು ಇಳಿದರು.

ಸರ್ವೋತ್ತಮ ಭಾವನವರ ಬಗ್ಗೆ ಒಂದು ಮಾತು ಹೇಳಬೇಕು. ದನ ಹಾಲು ಕಡಿಮೆ ಕೊಟ್ಟರೂ, ಪಂಪು ನೀರು ಎಳೆಯದಿದ್ದರೂ ಅವರಿಗೆ ಹೊಳೆಯುವ ಪರಿಹಾರ ಒಂದೇ, ಜೋಯಿಸರಿಂದ ಕವಡೆ ಹಾಕಿಸಿ ಪ್ರಶ್ನೆ ಇಡಿಸುವುದು. ಮೆಕ್ಯಾನಿಕ್ಕನ್ನು ಕರೆಯುವುದು ಅದರ ನಂತರ. ಬಂದವರೇ ಕೈಕಾಲು ತೊಳೆದು, ಒಂದು ಮಣೆ ಹಾಕಿಸಿಕೊಂಡು ಕೂತು, ಪುಟ್ಟ ನನ್ನ ಮೂಲೆಯವರೆಗೆ ಬಂದು ತಿರುಗುವುದನ್ನು ನಾಲ್ಕೈದು ಸಲ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ಭಾವ, ಇದು ಸಾದಾ ವಿಷಯ ಅಲ್ಲ."

"ಮೆಷಿನ್ ಹಾಳಾಗಿರ್ಬಹುದು ಭಾವ" ಎಂದೆ.

"ಹಾಳಾದ್ರೆ ಮನೆ ಇಡೀ ಹಾಳಾಗ್ಬೇಕಲ್ಲ? ಆ ಮೂಲೆಗೆ ಮಾತ್ರ ಯಾಕೆ? ಮನುಷ್ಯ ಸುಳ್ಳು ಹೇಳಿಯಾನು, ಮೆಷಿನ್ ಸುಳ್ಳು ಹೇಳ್ತದಾ? ನಮ್ಮಲ್ಲಿಗೆ ಆನೆ ಬಂದದ್ದು ನಿಮಗೆ ಗೊತ್ತುಂಟಲ್ಲ. ಬಾಳೆ ಇಡೀ ಮೆಟ್ಟಿ ಹುಡಿ ಮಾಡಿತು. ಆದ್ರೆ ನಾಗನ ಕಟ್ಟೆಯ ಹತ್ತಿರ ಬಂದದ್ದು ಹಾಗೇ ನಿಂತು ತಿರುಗಿ ಹೋಯ್ತು. ನಾನು ಕಣ್ಣಾರೆ ಕಂಡದ್ದು."

"ಆಗ ನೀವು ಎಲ್ಲಿದ್ರಿ?"

"ಮನೆಯೊಳಗೆ, ಬಾಗಿಲು ಹಾಕ್ಕೊಂಡು. ಅದು ಬಿಡಿ. ಈ ಜಾಗ ತೆಗೊಳ್ಳುವಾಗ ಇಲ್ಲಿ ಎಂತ ಇತ್ತು?"

"ಎರಡು ಗೇರುಮರ. ಮತ್ತೆ ಎಂತದೂ ಇರ್ಲಿಲ್ಲ."

"ಹುತ್ತ?"

"ಇಲ್ವೇ ಇಲ್ಲ."

"ಇತ್ತು," ಎಂದಳು ವಾರಿಜ. "ಇದೇ ಮೂಲೆಯಲ್ಲಿ ಸಣ್ಣದೊಂದು. ಜೆಸಿಬಿಯವ ತೆಗ್ದದ್ದು. ನಾನು ಆಗ್ಲೇ ಹೇಳಿದ್ದೆ, ನೀವು ಕೇಳ್ಲಿಲ್ಲ."

ಸರ್ವೋತ್ತಮ ಭಾವ ಎದ್ದು ನಿಂತು ಆ ಮೂಲೆಗೆ ಕೈ ಮುಗಿದರು. ಮೂಲೆಯಲ್ಲಿ ನಾನು ಕೂತಿದ್ದೆ. ಮುಗಿದ ಕೈಯಿಂದಲೇ ಏಳಿರಿ ಎಂದು ಸನ್ನೆ ಮಾಡಿದರು. ನಾನು ಎದ್ದೆ.

ಆಮೇಲೆ ನಡೆದದ್ದೆಲ್ಲ ನನ್ನ ಕೈಮೀರಿ ನಡೆಯಿತು. ಮೂಲೆಯನ್ನು ಗೋಮೂತ್ರ ಚಿಮುಕಿಸಿ ಶುದ್ಧ ಮಾಡಿದರು. ಮುಂದೆ ಒಂದು ದೀಪ ಇಟ್ಟರು. "ಕುರ್ಚಿಯನ್ನು ಆಚೆ ಇಡ್ತೇನೆ, ಆ ಸ್ಟೂಲನ್ನೂ" ಎಂದು ನಾನು ಮುಂದೆ ಹೋದರೆ ಭಾವ ಅಡ್ಡ ಬಂದರು. "ಪ್ರಶ್ನೆ ಆಗುವವರೆಗೆ ಅಲ್ಲಿಂದ ಒಂದು ಕಡ್ಡಿ ಅಲುಗಾಡ್ಬಾರ್ದು. ಹೇಗುಂಟೋ ಹಾಗೇ ಇರ್ಲಿ." ಹಾಗೆ ನನ್ನ ಕುರ್ಚಿ ದೀಪದ ಹಿಂದೆ ಖಾಲಿ ಕೂತಿತು. ಸ್ಟೂಲಿನ ಅಡಿಯ ಕತ್ತಲಲ್ಲಿ ನನ್ನ ಡಬ್ಬಿ, ಅದರ ಮುಂದೆ ದಾಸವಾಳದ ಹೂ. ನಾನು ಎದುರಿನ ಬೆಂಚಿನಲ್ಲಿ ಕೂತು ದೂರದಿಂದ ದರ್ಶನ ಮಾಡಿದೆ. ನೋಡಿದವರು ಎಷ್ಟು ಭಕ್ತಿ ಎಂದುಕೊಂಡಿರಬೇಕು.

ಆದರೂ ನನಗೆ ನಿಜವಾಗಿ ಕುತ್ತಿಗೆಗೆ ಬಂದದ್ದು ಸಂಜೆ ಚಹಾದ ಹೊತ್ತಿಗೆ. ಸುಳ್ಯದ ಕಡೆಯ ಜೋಯಿಸರೊಬ್ಬರನ್ನು ನಾಡಿದ್ದಿಗೆ ಬರಹೇಳಿ ಆಗಿತ್ತು. "ಅವರು ಹೇಳಿದ ಹಾಗೆ ನೋಡುವಾ" ಎಂದು ಭಾವ ನೆಲವನ್ನು ಹೆಬ್ಬೆರಳಿನಿಂದ ತಟ್ಟಿದರು. "ಟೈಲ್ಸ್ ಎಬ್ಬಿಸಿ ಅಗೆಯಬೇಕಾದೀತು. ಗೋಡೆಯೂ ಆ ಮೂಲೆಯದ್ದು ಸ್ವಲ್ಪ ಹೋಗ್ಬಹುದು. ದೈವದೇವರ ವಿಷಯದಲ್ಲಿ ಜಿಪುಣತನ ಮಾಡ್ಬಾರ್ದು ಭಾವ."

ನನಗೆ ಚಹಾ ನೆತ್ತಿಗೆ ಹತ್ತಿತು. ನೋಡಿ, ನಾನು ಹೆಂಡತಿಗೆ ಸುಳ್ಳು ಹೇಳಿಯೇನು, ಡಾಕ್ಟರಿಗೂ ಹೇಳಿಯೇನು. ದೇವರ ಲೆಕ್ಕದಲ್ಲಿ ಸುಳ್ಳು ಆಡಿ ದಕ್ಕಿಸಿಕೊಳ್ಳುವ ಧೈರ್ಯ ನನಗಿಲ್ಲ. ಒಂದು ಮುಷ್ಟಿ ಚಿಪ್ಸಿಗಾಗಿ ಮನೆಯ ಗೋಡೆ ಬೀಳಿಸಿಕೊಂಡ ಎಂದು ಊರಲ್ಲಿ ಹೆಸರಾಗುತ್ತದೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ವಾರಿಜ ನನ್ನನ್ನೇ ನೋಡುತ್ತಿದ್ದಳು. "ಎಂತದೋ ಹೇಳ್ಲಿಕ್ಕುಂಟಾ ನಿಮಗೆ?" ಎಂದು ಮೆತ್ತಗೆ ಕೇಳಿದಳು.

"ಸಕ್ಕರೆ ಕಮ್ಮಿಯಾಯ್ತು ಚಹಾಕ್ಕೆ" ಎಂದೆ.

ಆಗ ನನಗೆ ಉಪಾಯ ಹೊಳೆಯಿತು. ಕೆಂಪು ಚೌಕ ಎಳೆದವನು ನಾನು, ಅಳಿಸುವವನೂ ನಾನೇ! ಚೌಕ ಅಳಿಸಿದರೆ ಪುಟ್ಟ ತನ್ನಷ್ಟಕ್ಕೆ ಒಳಗೆ ಹೋಗುತ್ತಾನೆ. ದೋಷ ಇಲ್ಲ ಎಂದಾಯಿತು, ಜೋಯಿಸರು ಬರುವುದು ಬೇಡ, ನೆಲ ಅಗೆಯುವುದು ಬೇಡ. ಡಬ್ಬಿಯ ಗತಿ ಆಮೇಲೆ ನೋಡಿಕೊಂಡರಾಯಿತು, ಉಗ್ರಾಣದಲ್ಲಿ ಇನ್ನೊಂದು ಇದೆಯಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಮೊಬೈಲನ್ನು ಲುಂಗಿಯ ಮಡಿಕೆಯಲ್ಲಿ ಅಡಗಿಸಿ ಬಚ್ಚಲುಕೋಣೆಗೆ ಹೋಗಿ ಚಿಲಕ ಹಾಕಿದೆ. ನಕ್ಷೆ ತೆರೆದೆ. ಕೆಂಪು ಚೌಕ ನನ್ನನ್ನು ಕೆಕ್ಕರಿಸಿ ನೋಡುತ್ತಿತ್ತು. ಒತ್ತಿದೆ, ಅಳಿಸಿದೆ. ಹೊರಗೆ ಪುಟ್ಟ ಕೆಲಸ ಶುರು ಮಾಡುವ ಸಂಗೀತ ಕೇಳಿಸಿತು. ಏನೂ ತಿಳಿಯದವನ ಮುಖ ಮಾಡಿಕೊಂಡು ಚಾವಡಿಗೆ ಬಂದೆ.

ವಾರಿಜ ಮೂಲೆಯ ಮುಂದೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಳು. ಪಕ್ಕದಲ್ಲಿ ಸರ್ವೋತ್ತಮ ಭಾವ. ನೆಲದ ಮೇಲಿದ್ದ ದೀಪವನ್ನು ತೆಗೆದು ಕಿಟಕಿಯ ದಂಡೆಯಲ್ಲಿ ಇಟ್ಟಿದ್ದರು. ಹೂವೂ ಅಲ್ಲೇ ಇತ್ತು. ಪುಟ್ಟ ಬಂದ. ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಲಿಲ್ಲ. ಸರಾಗವಾಗಿ ಗೆರೆ ದಾಟಿ ಕುರ್ಚಿಯ ಅಡಿಗೆ ಹೋದ.

"ಹೋಯ್ತು! ಹೋಯ್ತು!" ಭಾವ ಕೂಗಿದರು. "ವಾರಿಜ, ಹರಕೆ ಸಂದಿತು!"

"ನಾನು ಹೇಳ್ಲಿಲ್ವಾ? ಎಲ್ಲ ಸುಮ್ನೆ ಹೆದರಿದ್ದು ನೀವು..." ಎಂದು ನಗುತ್ತ ಬಂದವನು ಅರ್ಧದಲ್ಲೇ ನಿಂತೆ. "ಯಾವ ಹರಕೆ?"

"ಈಗಷ್ಟೆ ಹೇಳ್ಕೊಂಡದ್ದು" ಎಂದಳು ವಾರಿಜ, ಕಣ್ಣು ತೆರೆದು. "ಸುಬ್ರಹ್ಮಣ್ಯ ದೇವರೇ, ಪುಟ್ಟ ಇವತ್ತು ಯಾವ ತೊಂದ್ರೆಯೂ ಇಲ್ಲದೆ ಆ ಮೂಲೆಗೆ ಹೋದ್ರೆ, ನಮ್ಮ ಇವರು ಬರುವ ಷಷ್ಠಿಯವರೆಗೆ ಎಣ್ಣೆಯಲ್ಲಿ ಕರಿದದ್ದು ಒಂದು ಚೂರೂ ಮುಟ್ಟುದಿಲ್ಲ ಅಂತ."

ಸುಬ್ರಹ್ಮಣ್ಯದಲ್ಲಿ ವರ್ಷಕ್ಕೊಮ್ಮೆ ನಡೆಯುವ ಷಷ್ಠಿ ಕಳೆದು ಇನ್ನೂ ವಾರ ಆಗಿರಲಿಲ್ಲ. ಬರುವ ಷಷ್ಠಿ ಎಂದರೆ ಇಡೀ ವರ್ಷ!

"ನನ್ನ ಹರಕೆ ನೀನು ಹೇಳುದಾ? ನೀನೇ ಬಿಡ್ಬಹುದಿತ್ತಲ್ಲ ಕರಿದದ್ದು?"

"ಮನೆಯ ಯಜಮಾನ ನೀವಲ್ವಾ?"

ಅಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಯಜಮಾನ ಎಂದದ್ದು ಅದೇ ಮೊದಲು. ಉತ್ತರ ಕೊಡುವುದರೊಳಗೆ ಪುಟ್ಟ ಸ್ಟೂಲಿನ ಅಡಿಗೆ ನುಗ್ಗಿದ. ಗಡಗಡ ಸದ್ದಾಯಿತು. ಡಬ್ಬಿ ಉರುಳುತ್ತ ಬಂದು ಸರ್ವೋತ್ತಮ ಭಾವನವರ ಕಾಲಿನ ಬುಡದಲ್ಲಿ ನಿಂತಿತು. ಭಾವ ಬಗ್ಗಿ ಎತ್ತಿ, ಮುಚ್ಚಳ ತೆಗೆದು ಮೂಸಿದರು.

"ಬಾಳೆಕಾಯಿ ಚಿಪ್ಸ್! ಇಲ್ಲಿ ಹೇಗೆ ಬಂತು ಭಾವ?"

ನಾನು ಮೇಲೆ ಫ್ಯಾನನ್ನು ನೋಡಿದೆ.

"ಗೊತ್ತಿಲ್ಲದ್ದನ್ನು ಕೇಳ್ಬಾರ್ದು ಅಣ್ಣ" ಎಂದಳು ವಾರಿಜ. "ದೀಪದ ಎದುರು ಇದ್ದದ್ದು, ಪ್ರಸಾದ ಅಂತ ತಿಳ್ಕೊಳ್ಳಿ."

ಭಾವ ಭಕ್ತಿಯಿಂದ ಒಂದು ತೆಗೆದು ಬಾಯಿಗೆ ಹಾಕಿದರು. ಕರುಂ ಎಂದಿತು. "ಆಹಾ, ಗರಿಗರಿ ಉಂಟು" ಎಂದು ಮಣೆಯ ಮೇಲೆ ಕೂತು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡರು. ಅವರು ಬಸ್ಸಿಗೆ ಹೊರಡುವಾಗ ಡಬ್ಬಿಯಲ್ಲಿ ಹುಡಿಯೂ ಉಳಿದಿರಲಿಲ್ಲ. ನಾನು ಗೇಟಿನವರೆಗೆ ಹೋಗಿ ಬೀಳ್ಕೊಟ್ಟೆ. ಹೊಟ್ಟೆ ಉರಿಯುತ್ತಿತ್ತು, ಮುಖದಲ್ಲಿ ನಗು ಇಟ್ಟುಕೊಂಡೆ.

ಆ ದಿನವೆಲ್ಲ ನನಗೆ ಒಂದೇ ಯೋಚನೆ. ಪುಟ್ಟ ಒಳಗೆ ಹೋಗುತ್ತಾನೋ ಇಲ್ಲವೋ ಗೊತ್ತಿಲ್ಲದವಳು ದೀಪವನ್ನು ಮೊದಲೇ ಯಾಕೆ ಎತ್ತಿಟ್ಟಳು? ನಾನು ಬಚ್ಚಲಿಗೆ ಹೋದ ಹೊತ್ತನ್ನೇ ಹರಕೆಗೆ ಯಾಕೆ ಆರಿಸಿದಳು? ಅಂದು ಮಗಳ ಜೊತೆ ಮೊಬೈಲು ಹಿಡಿದು ನಕ್ಕದ್ದು ಯಾಕೆ? ಆದರೆ ಕೇಳುವುದು ಹೇಗೆ? ಚೌಕದ ವಿಷಯ ನಿನಗೆ ಗೊತ್ತಿತ್ತಾ ಎಂದು ಕೇಳಿದರೆ, ಯಾವ ಚೌಕ ಎಂದು ಅವಳು ಕೇಳುತ್ತಾಳೆ. ನನ್ನ ಕುತ್ತಿಗೆಗೆ ನಾನೇ ಹಗ್ಗ ಕಟ್ಟಿಕೊಟ್ಟ ಹಾಗೆ.

ಕೊನೆಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನು ಬಾಯಿ ಬಿಟ್ಟು ಹೇಳದ ಹರಕೆ ನನಗೆ ಹೇಗೆ ತಾಗುತ್ತದೆ? ಹೆಚ್ಚೆಂದರೆ ಒಂದು ತಪ್ಪು ಕಾಣಿಕೆ ಹಾಕಿದರಾಯಿತು. ಉಗ್ರಾಣದಲ್ಲಿ ಅಕ್ಕಿಯ ಡ್ರಮ್ಮಿನ ಹಿಂದೆ ಎರಡನೆಯ ಡಬ್ಬಿ ಭದ್ರವಾಗಿ ಇದೆ. ಮರುದಿನ ಬೆಳಿಗ್ಗೆ ವಾರಿಜ ಚಾವಡಿಯ ಬೆಂಚಿನಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಪುಟ್ಟ ಒರೆಸುತ್ತ ಬರುತ್ತಿದ್ದ. ನಾನು ಬೆಕ್ಕಿನ ಹಾಗೆ ಉಗ್ರಾಣದ ಕಡೆಗೆ ನಡೆದೆ. ಪುಟ್ಟ ನನ್ನನ್ನು ದಾಟಿಕೊಂಡು ಮುಂದೆ ಹೋದ. ಉಗ್ರಾಣದ ಬಾಗಿಲಿನಲ್ಲಿ ಗಕ್ಕನೆ ನಿಂತ. ಅತ್ತ ನೋಡಿದ, ಇತ್ತ ನೋಡಿದ. ತಿರುಗಿ ಬಂದ.

ನಾನೂ ನಿಂತೆ.

"ಅಯ್ಯೋ ದೇವರೇ," ವಾರಿಜ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಅಲ್ಲಿಗೂ ಹೋಗುದಿಲ್ಲ ನೋಡಿ ಅದು. ಅಲ್ಲಿಯೂ ಎಂತದೋ ಉಂಟು ಕಾಣ್ತದೆ. ಅಣ್ಣನನ್ನು ಇನ್ನೊಮ್ಮೆ ಕರೆಸುವನಾ?"

ಅವಳ ಮಡಿಲಲ್ಲಿ, ಬಸಳೆಯ ದಂಟಿನ ಅಡಿಯಲ್ಲಿ, ಮೊಬೈಲಿನ ಪರದೆ ಬೆಳಗುತ್ತಿತ್ತು. ಅದರಲ್ಲಿ ನಮ್ಮ ಮನೆಯ ನಕ್ಷೆ ಇತ್ತೋ, ಯಾರದಾದರೂ ಸ್ಟೇಟಸ್ ಇತ್ತೋ, ದೂರಕ್ಕೆ ನನ್ನ ಕಣ್ಣಿಗೆ ಕಾಣಲಿಲ್ಲ. ಕೆಂಪು ಬಣ್ಣದ್ದು ಏನೋ ಇತ್ತು.

"ಬೇಡ" ಎಂದೆ.

"ಹಾಗಾದ್ರೆ ಅಲ್ಲೇ ನಿಲ್ಲಿ," ಎಂದಳು ವಾರಿಜ. ಆಮೇಲೆ ಥೇಟ್ ನನ್ನದೇ ಮೈಕಿನ ದನಿಯಲ್ಲಿ ಘೋಷಿಸಿದಳು, "ನೆಲ ಒದ್ದೆ ಉಂಟು! ಒಣಗುವವರೆಗೆ ಯಾರೂ ಆಚೆ ಹೋಗ್ಬಾರ್ದು!"